ಹಳೆಯ ಆಟಗಾರರಿಗೆ, ಕೋಚ್‌ಗಳಿಗೆ ಕಾಲೇಜಿನಲ್ಲಿ ಸನ್ಮಾನ: ಪಟ್ಟಿ, ದಾಖಲೆ, ಫಲಕ ಹೇಗೆ?

ಅಜ್ಜರಕಾಡು ಲೇನ್ 4

ಉಡುಪಿಯ ಒಂದು ಕಾಲೇಜಿನ ಹಳೆ ವಿದ್ಯಾರ್ಥಿ ಸಂಘದಿಂದ ಬರುವ ಜನವರಿಯಲ್ಲಿ ಹಿಂದಿನ ಕ್ರೀಡಾಪಟುಗಳಿಗೂ ಅವರನ್ನು ತಯಾರು ಮಾಡಿದವರಿಗೂ ಸನ್ಮಾನ ಇಟ್ಟುಕೊಂಡಿದ್ದೇವೆ. 1965 ರಿಂದ 2015 ರ ನಡುವೆ ಓದಿದವರು. ಬಾಯಿಮಾತಿನಲ್ಲಿ ಬಂದ ಹೆಸರು 41. ವೇದಿಕೆ ಮೇಲೆ 12 ಸಾಕು ಅಂತ ಸಮಿತಿ ಹೇಳಿದೆ.

ಎಲ್ಲರ ಹೆಸರಿನ ಮುಂದೆಯೂ ‘ರಾಷ್ಟ್ರಮಟ್ಟದ ಕ್ರೀಡಾಪಟು’ ಅಂತಲೇ ಉಂಟು. ಇದನ್ನು ಯಾವ ದಾಖಲೆ ನೋಡಿ ಜರಡಿ ಹಿಡಿಯುವುದು? ಕೋಚ್ ಅಂದರೆ ಪಿ.ಡಿ. (ದೈಹಿಕ ಶಿಕ್ಷಣ ನಿರ್ದೇಶಕರು) ಮಾತ್ರವಾ? ಕಾರಿಡಾರಿನಲ್ಲಿ ಶಾಶ್ವತವಾದ ಗೌರವ ಫಲಕ ಹಾಕಬೇಕೆಂದೂ ಉಂಟು, ಗೋಡೆ ಹಳೆಯ ಮುರಕಲ್ಲಿನದ್ದು (ಜಂಬಿಟ್ಟಿಗೆ). ಕಾರ್ಯಕ್ರಮ ಎರಡು ಗಂಟೆಯೊಳಗೆ ಮುಗಿಯಬೇಕು. ಮಾಡಿ ಗೊತ್ತಿರುವವರು ಹೇಳಿ.

ಹಳೇ ಸ್ಕೋರ್‌ಶೀಟ್

ಮೊದಲು ಆ ‘ರಾಷ್ಟ್ರಮಟ್ಟ’ ಎಂಬ ಶಬ್ದವನ್ನು ಪಟ್ಟಿಯಿಂದ ಹೊಡೆದು ಹಾಕಿ. ಅದರ ಅಡಿಯಲ್ಲಿ ನಾಲ್ಕೈದು ಬೇರೆ ಬೇರೆ ಸಂಗತಿ ಅಡಗಿರ್ತದೆ. ಕಾಲೇಜಿನ ಏಣಿ ಹೀಗೆ: ಅಂತರ್ ಕಾಲೇಜು, ವಿಶ್ವವಿದ್ಯಾನಿಲಯ ತಂಡಕ್ಕೆ ಆಯ್ಕೆ, ದಕ್ಷಿಣ ವಲಯ ಅಂತರ್ ವಿವಿ, ಅಖಿಲ ಭಾರತ ಅಂತರ್ ವಿವಿ, ಅದಕ್ಕೂ ಮೇಲೆ ಭಾರತದ ಎಲ್ಲ ವಿವಿಗಳ ಸಂಯುಕ್ತ ತಂಡ. ರಾಜ್ಯ ಸಂಸ್ಥೆಯ ಮೂಲಕ ಹೋಗುವ ಸೀನಿಯರ್, ಜೂನಿಯರ್ ನ್ಯಾಷನಲ್ಸ್ ಬೇರೆಯೇ ಏಣಿ. ಎರಡನ್ನೂ ಒಂದೇ ಸಾಲಿನಲ್ಲಿ ಬರೆದರೆ ಅಖಿಲ ಭಾರತ ಅಂತರ್ ವಿವಿಯಲ್ಲಿ ಚಿನ್ನ ಗೆದ್ದವನೂ ದಕ್ಷಿಣ ವಲಯದಲ್ಲಿ ಮೊದಲ ಸುತ್ತಿಗೇ ಸೋತು ಬಂದ ತಂಡದ ಮೀಸಲು ಆಟಗಾರನೂ ಸಮ ಆಗಿಬಿಡ್ತಾರೆ.

ಕಬಡ್ಡಿ, ವಾಲಿಬಾಲ್‌ನಂಥ ತಂಡದ ಆಟಗಳಿಗೆ ವಲಯ ಮಟ್ಟ ದಾಟಿಯೇ ಅಖಿಲ ಭಾರತಕ್ಕೆ ಹೋಗಬೇಕು. ಅಥ್ಲೆಟಿಕ್ಸ್, ವೇಟ್‌ಲಿಫ್ಟಿಂಗ್‌ನಲ್ಲಿ ಸಾಮಾನ್ಯವಾಗಿ ನೇರ ಅಖಿಲ ಭಾರತ. ಹಾಗಾಗಿ ಓಟಗಾರನ ಪ್ರಮಾಣಪತ್ರದಲ್ಲಿ ‘ದಕ್ಷಿಣ ವಲಯ’ ಅಂತ ಕಂಡರೆ ಅದು ಹೆಚ್ಚಾಗಿ ಫೆಡರೇಶನ್‌ನ ಜೂನಿಯರ್ ಕೂಟದ್ದು. ತಪ್ಪಲ್ಲ, ಆದರೆ ಅದನ್ನು ವಿವಿ ಲೆಕ್ಕಕ್ಕೆ ಸೇರಿಸಬೇಡಿ.

ಯಾವ ವಿವಿ ಎನ್ನುವುದರಲ್ಲೂ ಎಡವುತ್ತಾರೆ. ಮಂಗಳೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1980 ರಲ್ಲಿ. ಅದಕ್ಕೆ ಮೊದಲು ಇಲ್ಲಿನ ಕಾಲೇಜುಗಳು ಮೈಸೂರು ವಿವಿಯ ಕೆಳಗೆ. 1974 ರ ಆಟಗಾರನನ್ನು ‘ಮಂಗಳೂರು ವಿವಿ ತಂಡದ ನಾಯಕ’ ಅಂತ ಸನ್ಮಾನ ಪತ್ರದಲ್ಲಿ ಬರೆದರೆ ಮುಂದಿನ ಸಾಲಿನಲ್ಲಿ ಕೂತ ಅವನ ಸಹಪಾಠಿಗಳೇ ನಗುತ್ತಾರೆ. ಅವನು ಮೈಸೂರು ವಿವಿಯ ಎಲ್ಲ ಕಾಲೇಜುಗಳ ಜತೆ ಪೈಪೋಟಿ ಮಾಡಿ ಆ ತಂಡ ಸೇರಿದ್ದು, ಅದರ ತೂಕ ಬೇರೆ. ಉಲ್ಟಾ ತಪ್ಪೂ ಉಂಟು: ವೈದ್ಯಕೀಯ ಕಾಲೇಜುಗಳು ರಾಜೀವ್ ಗಾಂಧಿ ವಿವಿಗೆ ಹೋದದ್ದು 1996 ರ ನಂತರ, ಇಂಜಿನಿಯರಿಂಗ್ ಕಾಲೇಜುಗಳು ವಿಟಿಯುಗೆ ಹೋದದ್ದು 1998 ರ ನಂತರ. ಅಂದರೆ 1985 ರಲ್ಲಿ ಸುರತ್ಕಲ್‌ನ ಇಂಜಿನಿಯರಿಂಗ್ ಕಾಲೇಜು ಕೆಆರ್‌ಇಸಿಯವನೂ ಮಣಿಪಾಲದ ವೈದ್ಯಕೀಯ ಕಾಲೇಜು ಕೆಎಂಸಿಯವನೂ ಮಂಗಳೂರು ವಿವಿಯ ತಂಡದಲ್ಲೇ ಇರಬಹುದಾಗಿತ್ತು. ಕೊಡಗಿನ ಕಾಲೇಜುಗಳೂ ಹಾಗೆಯೇ, ಹಾಕಿ ತಂಡದ ಹಳೆಯ ಫೋಟೊದಲ್ಲಿ ಕೊಡವ ಹೆಸರುಗಳು ಕಂಡರೆ ಬೇರೆ ವಿವಿಯ ಫೋಟೊ ಅಂತ ಬದಿಗಿಡಬೇಡಿ.

ಇನ್ನೊಂದು ಸಣ್ಣ ಪರೀಕ್ಷೆ. ಅಂತರ್ ವಿವಿ ಕ್ರೀಡೆ ನಡೆಸುವ ಸಂಸ್ಥೆಗೆ ಎಐಯು (ಅಸೋಸಿಯೇಶನ್ ಆಫ್ ಇಂಡಿಯನ್ ಯೂನಿವರ್ಸಿಟೀಸ್) ಎಂಬ ಹೆಸರು ಬಂದದ್ದು 1973 ರಲ್ಲಿ, ಅದಕ್ಕೆ ಮೊದಲು ಇಂಟರ್ ಯೂನಿವರ್ಸಿಟಿ ಬೋರ್ಡ್. 1969 ರ ಪ್ರಮಾಣಪತ್ರದ ಮೇಲೆ ಎಐಯು ಅಂತ ಅಚ್ಚಾಗಿದ್ದರೆ ಅದು ಆಮೇಲೆ ಬರೆಸಿಕೊಂಡ ನಕಲು ಪ್ರತಿ. ಸುಳ್ಳೇ ಇರಬೇಕೆಂದಿಲ್ಲ, ಎರಡನೇ ಆಧಾರ ಕೇಳಿ.

ಎರಡನೇ ಆಧಾರ ಎಲ್ಲಿ ಸಿಗ್ತದೆ? ಕಾಲೇಜಿನ ವಾರ್ಷಿಕ ಸಂಚಿಕೆಯ ಕ್ರೀಡಾ ವರದಿ, ಅದೇ ಮೊದಲು. ಪ್ರಾಂಶುಪಾಲರು ವಾರ್ಷಿಕೋತ್ಸವದಲ್ಲಿ ಓದಿದ ವರದಿಯಲ್ಲಿ ಆಟ, ಸ್ಥಾನ, ಊರು ಮೂರೂ ಇರ್ತದೆ. ಆಮೇಲೆ ವಿವಿಯ ದೈಹಿಕ ಶಿಕ್ಷಣ ವಿಭಾಗದ ಹಳೆಯ ಫಲಿತಾಂಶ. 1970 ರಿಂದ ಈಚೆಗೆ ಉದಯವಾಣಿಯ ಹಳೆ ಸಂಚಿಕೆ ನೋಡಬಹುದು, ಕೂಟದ ಮಾರನೇ ದಿನ ಮತ್ತು ಅದರ ಮಾರನೇ ದಿನ ಎರಡನ್ನೂ ತೆಗೆಯಿರಿ. ಉತ್ತರ ಭಾರತದಲ್ಲಿ ಕೂಟ ನಡೆದರೆ ಸುದ್ದಿ ತಡವಾಗಿಯೇ ಬರುತ್ತಿತ್ತು.

ದೈಹಿಕ ಶಿಕ್ಷಣ ಕೊಠಡಿಯ ಗುಂಪು ಫೋಟೊಗಳನ್ನು ಬಿಡಬೇಡಿ. ‘ಕುಳಿತವರು, ಎಡದಿಂದ ಬಲಕ್ಕೆ’ ಅಂತ ಕೆಳಗೆ ಟೈಪ್ ಮಾಡಿದ ಚೀಟಿ ಇರ್ತದೆ. ಚೀಟಿ ಹೋಗಿದ್ದರೆ ನಡುವೆ ಇಟ್ಟ ಶೀಲ್ಡನ್ನು ದೊಡ್ಡದು ಮಾಡಿ ನೋಡಿ, ಸುತ್ತಲಿನ ಚಿಕ್ಕ ಬೆಳ್ಳಿ ತಗಡುಗಳಲ್ಲಿ ವರ್ಷ ಕೆತ್ತಿರುತ್ತಾರೆ. ಕೊನೆಯ ತಗಡಿನ ವರ್ಷಕ್ಕಿಂತ ಫೋಟೊ ಹಳೆಯದಾಗಿರಲು ಸಾಧ್ಯವಿಲ್ಲ. ನಮ್ಮ ಮಳೆಗಾಲದ ತೇವಕ್ಕೆ ಫೋಟೊ ಗಾಜಿಗೆ ಅಂಟಿಕೊಂಡಿದ್ದರೆ ಎಳೆಯಬೇಡಿ, ಮುಖವೇ ಗಾಜಿನ ಜತೆ ಬರ್ತದೆ. ಗಾಜು ಸಮೇತ ಸ್ಕ್ಯಾನರ್ ಮೇಲೆ ಮಗುಚಿ 600 ಡಿಪಿಐನಲ್ಲಿ ತೆಗೆಯಿರಿ.

ಟ್ರ್ಯಾಕ್ ಸೈಡ್

ಮೇಲಿನವರು ಹೇಳಿದ್ದು ಸರಿ. ಅಂಕಿಗಳ ಬಗ್ಗೆ ನಾನು ಸೇರಿಸುತ್ತೇನೆ, ಯಾಕೆಂದರೆ ಸನ್ಮಾನ ಪತ್ರದಲ್ಲಿ ಅತಿ ಹೆಚ್ಚು ತಪ್ಪು ಅಲ್ಲಿಯೇ.

100 ಮೀಟರ್ 10.8 ಅಂತ ಒಂದೇ ದಶಮಾಂಶ ಇದ್ದರೆ ಅದು ಕೈಯಲ್ಲಿ ಸ್ಟಾಪ್‌ವಾಚ್ ಒತ್ತಿ ತೆಗೆದ ಸಮಯ. ಅದನ್ನು 10.80 ಅಂತ ‘ಸರಿಪಡಿಸಬೇಡಿ’. ಎಲೆಕ್ಟ್ರಾನಿಕ್ ಸಮಯದ ಜತೆ ಹೋಲಿಸಬೇಕಿದ್ದರೆ 100, 200 ಮೀಟರಿಗೆ 0.24 ಸೆಕೆಂಡ್, 400 ಕ್ಕೆ 0.14 ಸೆಕೆಂಡ್ ಕೂಡಿಸುವ ರೂಢಿ ಉಂಟು. ಆದರೆ ಫಲಕದ ಮೇಲೆ ಹಾಕುವುದು ಇದ್ದದ್ದು ಇದ್ದಂತೆ, ಪಕ್ಕದಲ್ಲಿ ‘ಕೈ ಸಮಯ’ ಅಂತ ಬರೆದರೆ ಮುಗೀತು. ಗಜಗಳಲ್ಲಿ ಇದ್ದರೆ ಗಜದಲ್ಲೇ ಇರಲಿ. 440 ಗಜ ಅಂದರೆ 402.34 ಮೀಟರ್, 400 ಅಲ್ಲ.

ಜಾವೆಲಿನ್‌ನಲ್ಲಿ ಪುರುಷರ ಈಟಿಯ ವಿನ್ಯಾಸ 1986 ರಲ್ಲಿ, ಮಹಿಳೆಯರದ್ದು 1999 ರಲ್ಲಿ ಬದಲಾಯಿತು. ತೂಕದ ಕೇಂದ್ರ ಮುಂದೆ ಸರಿಸಿದ್ದರಿಂದ ದೂರ ಕಡಿಮೆಯಾಯಿತು. 1983 ರವನ ಎಸೆತ 1995 ರವನದ್ದಕ್ಕಿಂತ ಉದ್ದ ಇದ್ದರೆ ಅಷ್ಟಕ್ಕೇ ‘ಕಾಲೇಜಿನ ಸಾರ್ವಕಾಲಿಕ ದಾಖಲೆ’ ಅಂತ ಬರೆಯುವ ಹಾಗಿಲ್ಲ, ಎರಡು ಸಾಲು ಬೇಕು. ಮಹಿಳೆಯರ ಪೆಂಟಾಥ್ಲಾನ್ (ಐದು ಸ್ಪರ್ಧೆ) 1980 ರ ದಶಕದ ಆರಂಭದಲ್ಲಿ ಹೆಪ್ಟಾಥ್ಲಾನ್ (ಏಳು ಸ್ಪರ್ಧೆ) ಆಯಿತು, ಅಂಕಗಳನ್ನು ಒಂದರ ಪಕ್ಕ ಒಂದು ಇಡಬೇಡಿ.

ರಿಲೇಯಲ್ಲಿ ನಾಲ್ಕು ಹೆಸರೂ ಬೇಕು, ಹೀಟ್ಸ್‌ನಲ್ಲಿ (ಅರ್ಹತಾ ಸುತ್ತಿನಲ್ಲಿ) ಓಡಿದ ಐದನೆಯವನದ್ದೂ ಬೇಕು. ಓಡಿದ ಕ್ರಮದಲ್ಲಿ ಬರೆಯಿರಿ, ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಲ್ಲ.

ಒಳ್ಳೆಯ ಸಾಲು ಎಂದರೆ ಹೇಗಿರಬೇಕು? ‘ಸಹನಾ ಕುಮಾರಿ, ಹೈಜಂಪ್, 1.92 ಮೀ., ರಾಷ್ಟ್ರೀಯ ದಾಖಲೆ, 2012.’ ಆಟ, ಅಳತೆ, ಮಟ್ಟ, ವರ್ಷ. ‘ಅಪ್ರತಿಮ ಸಾಧನೆಗೈದು ನಾಡಿಗೆ ಕೀರ್ತಿ ತಂದ’ ಎಂಬ ಭಾಗ ಇಲ್ಲದಿದ್ದರೆ ಏನೂ ಕಡಿಮೆಯಾಗುವುದಿಲ್ಲ.

ಕಬ್ಬಿಣದ ಪ್ಲೇಟು

ವೇಟ್‌ಲಿಫ್ಟಿಂಗ್‌ನವರು ನಿಮ್ಮ ಪಟ್ಟಿಯಲ್ಲಿ ಖಂಡಿತ ಇರ್ತಾರೆ, ಈ ಜಿಲ್ಲೆಗಳಲ್ಲಿ ಇಲ್ಲದೆ ಹೇಗೆ. ಮೂರು ಎಚ್ಚರಿಕೆ.

1972 ರ ಮ್ಯೂನಿಕ್ ಒಲಿಂಪಿಕ್ಸ್‌ವರೆಗೆ ಪ್ರೆಸ್, ಸ್ನ್ಯಾಚ್, ಜರ್ಕ್ ಅಂತ ಮೂರು ಲಿಫ್ಟ್. ಆಮೇಲೆ ಪ್ರೆಸ್ ಹೋಯಿತು. 1968 ರವರ ಮೂರು ಲಿಫ್ಟಿನ ಒಟ್ಟು ಮೊತ್ತ ನೋಡಿ ‘ಈಗಿನವರಿಗಿಂತ ನೂರು ಕೆಜಿ ಜಾಸ್ತಿ ಎತ್ತಿದ್ದಾರೆ’ ಅಂತ ನಿರೂಪಕರು ವೇದಿಕೆಯಿಂದ ಕೂಗಿದರೆ ಕೇಳುವವರ ಪಾಡು ಕಷ್ಟ ಮಾರಾಯ್ರೆ.

ತೂಕದ ವಿಭಾಗ ಬರೆಯದೆ ಕೆಜಿ ಬರೆಯಬೇಡಿ. ಕುಂದಾಪುರ ಕಡೆಯ ವಂಡ್ಸೆಯ ಗುರುರಾಜ ಪೂಜಾರಿ 2018 ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್‌ನಲ್ಲಿ 56 ಕೆಜಿಯಲ್ಲಿ 249 ಕೆಜಿ ಎತ್ತಿ ಬೆಳ್ಳಿ ತಂದರು. 2022 ರ ಬರ್ಮಿಂಗ್‌ಹ್ಯಾಮ್‌ನಲ್ಲಿ 269 ಎತ್ತಿ ಕಂಚು. ಇಪ್ಪತ್ತು ಕೆಜಿ ಜಾಸ್ತಿ ಎತ್ತಿಯೂ ಒಂದು ಮೆಟ್ಟಿಲು ಕೆಳಗೆ ಯಾಕೆ? ಎರಡನೆಯದು 61 ಕೆಜಿ ವಿಭಾಗ. 56 ಅನ್ನುವ ವಿಭಾಗವನ್ನೇ 2018 ರ ಕೊನೆಗೆ ರದ್ದು ಮಾಡಿದ್ದರು. ವಿಭಾಗ ಬರೆಯದಿದ್ದರೆ ಓದುವವನಿಗೆ ಇದು ಹಿಂದೆ ಬಿದ್ದ ಹಾಗೆ ಕಾಣ್ತದೆ.

ಅವರ ಉದಾಹರಣೆಯಲ್ಲಿ ಇನ್ನೊಂದು ಪಾಠ ಉಂಟು. ಅವರು ಓದಿದ್ದು ಉಜಿರೆಯಲ್ಲಿ, ಕಾಮನ್‌ವೆಲ್ತ್ ಪದಕ ಬಂದದ್ದು ವಾಯುಸೇನೆಯ ನೌಕರಿಯಲ್ಲಿದ್ದಾಗ. ನಿಮ್ಮ ಪಟ್ಟಿಯಲ್ಲೂ ‘ವಿದ್ಯಾರ್ಥಿಯಾಗಿದ್ದಾಗ’, ‘ಆಮೇಲೆ’ ಅಂತ ಎರಡು ಕಾಲಂ ಮಾಡಿ. ಹಿಂದೆ ವಿಜಯಾ ಬ್ಯಾಂಕಿನ ಕಬಡ್ಡಿ, ಬಾಸ್ಕೆಟ್‌ಬಾಲ್ ತಂಡಕ್ಕೆ ಸೇರಿದವರು ಬ್ಯಾಂಕಿಗೆ ಗೆದ್ದದ್ದನ್ನು ಕಾಲೇಜಿನ ಲೆಕ್ಕಕ್ಕೆ ಬರೆದುಕೊಳ್ಳುವುದು ಧಾರಾಳ ನಡೀತದೆ. ಅಂದ ಹಾಗೆ ಅಂಥ ಬ್ಯಾಂಕುಗಳು ವಿಲೀನ ಆಗಿರಬಹುದು, ನಿವೃತ್ತರ ಸಂಘಗಳು ಈಗಲೂ ಹಳೆ ಹೆಸರಲ್ಲೇ ಒಟ್ಟು ಸೇರ್ತವೆ. ವಿಳಾಸ ಸಿಗದವರನ್ನು ಅಲ್ಲಿ ವಿಚಾರಿಸಿ.

ಮೂರನೆಯದು, ಪವರ್‌ಲಿಫ್ಟಿಂಗ್ ಬೇರೆ, ವೇಟ್‌ಲಿಫ್ಟಿಂಗ್ ಬೇರೆ, ಬೆಸ್ಟ್ ಫಿಸಿಕ್ (ದೇಹದಾರ್ಢ್ಯ) ಬೇರೆ. ವಿವಿ ಮಟ್ಟದಲ್ಲಿ ಮೂರೂ ಒಟ್ಟಿಗೆ ನಡೆಯುವುದರಿಂದ ಸಂಚಿಕೆಯಲ್ಲಿ ‘ಭಾರ ಎತ್ತುವಿಕೆ’ ಅಂತ ಒಟ್ಟು ಬರೆದಿರುತ್ತಾರೆ.

ಸುಣ್ಣದ ಗೆರೆ

ಕೋಚ್ ಯಾರು ಅನ್ನುವುದಕ್ಕೆ ಹುದ್ದೆ ನೋಡಬೇಡಿ, ಕೆಲಸ ನೋಡಿ. ಕಾಲೇಜಿನ ಮಟ್ಟಿಗೆ ನಾಲ್ಕು ಬಗೆಯವರು: ದೈಹಿಕ ಶಿಕ್ಷಣ ನಿರ್ದೇಶಕರು, ಪಟಿಯಾಲಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್‌ಐಎಸ್) ತರಬೇತಿ ಮುಗಿಸಿ ಇಲಾಖೆಯಿಂದ ಬಂದ ಕೋಚ್, ಹೊರಗಿನಿಂದ ಸಂಜೆ ಬಂದು ಸಂಬಳ ಇಲ್ಲದೆ ಕಲಿಸಿದ ಹಳೆ ಆಟಗಾರ, ಮತ್ತು ಮಾರ್ಕರ್. ಬೆಳಿಗ್ಗೆ ಐದೂವರೆಗೆ ಮೈದಾನಕ್ಕೆ ಬಂದು ಸುಣ್ಣದ ಡಬ್ಬಿ ಹಿಡಿದು ಎಂಟು ಲೇನ್ ಎಳೆದು, ಮಳೆ ಬಂದರೆ ಮತ್ತೆ ಎಳೆದು, ನೆಟ್ ಕಟ್ಟಿ, ಜಂಪಿಂಗ್ ಪಿಟ್‌ನ ಮರಳು ಅಗೆದು ಕೊಟ್ಟವರು. ಸನ್ಮಾನಗಳಲ್ಲಿ ಇವರ ಹೆಸರು ‘ಸಹಕರಿಸಿದ ಎಲ್ಲರಿಗೂ’ ಎಂಬ ವಂದನಾರ್ಪಣೆಯ ಸಾಲಿನಲ್ಲಿ ಹೋಗಿಬಿಡ್ತದೆ. ಒಬ್ಬರಾದರೂ ವೇದಿಕೆಗೆ ಬರಲಿ, ಅದೇ ಶಾಲು, ಅದೇ ಪೇಟ.

ಆಯ್ಕೆಗೆ ಒಂದು ಸರಳ ದಾರಿ: ಪಟ್ಟಿಯಲ್ಲಿ ಖಚಿತವಾದ ಪ್ರತಿಯೊಬ್ಬ ಆಟಗಾರರಿಗೂ ಒಂದೇ ಪ್ರಶ್ನೆ ಕಳಿಸಿ, ‘ನಿಮ್ಮನ್ನು ದಿನಾ ಮೈದಾನದಲ್ಲಿ ನೋಡಿಕೊಂಡವರು ಯಾರು, ಯಾವ ವರ್ಷಗಳಲ್ಲಿ?’ ಎರಡು ಬೇರೆ ತಲೆಮಾರಿನವರು, ಎರಡು ಬೇರೆ ಆಟದವರು ಒಂದೇ ಹೆಸರು ಹೇಳಿದರೆ ಅವರೇ. ಪಿ.ಡಿ. ಹುದ್ದೆಯಲ್ಲಿ ಇಷ್ಟು ವರ್ಷ ಇದ್ದರು ಅನ್ನುವುದು ಸೇವೆ, ಅದಕ್ಕೆ ನಿವೃತ್ತಿಯ ದಿನ ಬೀಳ್ಕೊಡುಗೆ ಆಗಿರ್ತದೆ.

ಪ್ರಶಸ್ತಿ ಹೆಸರುಗಳಲ್ಲಿ ಜಾಗ್ರತೆ. ಕೋಚ್‌ಗೆ ಕೇಂದ್ರದ್ದು ದ್ರೋಣಾಚಾರ್ಯ, ಅದು ಶುರುವಾದದ್ದೇ 1985 ರಲ್ಲಿ. ಆಟಗಾರರಿಗೆ ಅರ್ಜುನ, 1961 ರಿಂದ. ರಾಜ್ಯದಲ್ಲಿ ಆಟಗಾರರಿಗೆ ಏಕಲವ್ಯ, ಗ್ರಾಮೀಣ ಕ್ರೀಡೆಗೆ ಕ್ರೀಡಾರತ್ನ, ತರಬೇತುದಾರರಿಗೆ ಜೀವಮಾನ ಸಾಧನೆ. ಯಾವುದೋ ಸಂಘದವರು ಕೊಟ್ಟ ‘ದ್ರೋಣ ಪ್ರಶಸ್ತಿ’ ಆಹ್ವಾನ ಪತ್ರಿಕೆಯಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಆಗಿ ಅಚ್ಚಾಗುವುದು ನಮ್ಮಲ್ಲಿ ಅಪರೂಪ ಏನಲ್ಲ.

ಅಜ್ಜರಕಾಡು ಲೇನ್ 4

ತುಂಬ ಉಪಕಾರ ಆಯಿತು. ಒಂದು ಸಮಸ್ಯೆ: ಮಹಿಳಾ ಕಬಡ್ಡಿ ತಂಡ ಒಂದಿದೆ, ಅಖಿಲ ಭಾರತ ಅಂತರ್ ವಿವಿಯಲ್ಲಿ ಗೆದ್ದ ವಿವಿ ತಂಡದಲ್ಲಿ ನಮ್ಮ ಕಾಲೇಜಿನವರು ಐದು ಮಂದಿ. ಎಲ್ಲರನ್ನೂ ಕರೆದರೆ 12 ರಲ್ಲಿ ಐದು ಅಲ್ಲಿಗೇ ಹೋಯಿತು. ನಾಯಕಿಯನ್ನು ಮಾತ್ರ ಕರೆಯಬಹುದಾ?

ಹಳೇ ಸ್ಕೋರ್‌ಶೀಟ್

ಬೇಡ. ಕಬಡ್ಡಿಯಲ್ಲಿ ಅಂಕಣದಲ್ಲಿ ಏಳು ಜನ, ಮೀಸಲು ಐದು, ಹನ್ನೆರಡೂ ತಂಡವೇ. ತಂಡವನ್ನು ಒಂದು ಸನ್ಮಾನ ಅಂತ ಲೆಕ್ಕ ಹಾಕಿ: ಒಂದೇ ಸನ್ಮಾನ ಪತ್ರ ಓದುವುದು, ಐದು ಪ್ರತಿ, ಐದು ಶಾಲು. ಸಮಯ ಒಬ್ಬರಿಗೆ ಹಿಡಿಯುವುದಕ್ಕಿಂತ ಎರಡು ನಿಮಿಷ ಜಾಸ್ತಿ, ಅಷ್ಟೆ.

ಹೆಣ್ಣುಮಕ್ಕಳ ಹೆಸರಿನಲ್ಲಿ ತೊಡಕು ಬರ್ತದೆ. ಪ್ರಮಾಣಪತ್ರದಲ್ಲಿ ಇರುವುದು ತಂದೆಯ ಮನೆಯ ಹೆಸರು, ಈಗಿನ ಆಧಾರ್‌ನಲ್ಲಿ ಗಂಡನ ಮನೆಯದ್ದು. ಸಂಚಿಕೆಯಲ್ಲಿ ಕಂಡ ಹೆಸರಿನವರು ಯಾರಿಗೂ ಗೊತ್ತಿಲ್ಲ ಅಂತ ಕೈಬಿಡುವುದು ಇದೇ ಕಾರಣಕ್ಕೆ. ಫಲಕದಲ್ಲಿ ಆಡುವಾಗಿನ ಹೆಸರು, ಆಹ್ವಾನ ಪತ್ರಿಕೆಯಲ್ಲಿ ಎರಡೂ. ಅವರನ್ನೇ ಕೇಳಿ ತೀರ್ಮಾನ ಮಾಡಿ.

ಇನ್ನೊಂದು, ಆಗಿನ ಕಾಲಕ್ಕೆ ಎಷ್ಟು ಎತ್ತರಕ್ಕೆ ಹೋಗಲು ದಾರಿ ಇತ್ತು ಅಂತ ನೋಡಿ. ಮಹಿಳಾ ಕಬಡ್ಡಿ ಏಷ್ಯನ್ ಗೇಮ್ಸ್‌ಗೆ ಬಂದದ್ದೇ 2010 ರಲ್ಲಿ. ಕಾರ್ಕಳ ಕಡೆಯ ಮಮತಾ ಪೂಜಾರಿ 2010, 2014 ಎರಡರಲ್ಲೂ ಚಿನ್ನದ ತಂಡದಲ್ಲಿ ಇದ್ದರು. 1990 ರ ಆಟಗಾರ್ತಿಗೆ ಆ ಬಾಗಿಲೇ ಇರಲಿಲ್ಲ. ಅಂಥವರಿಗೆ ‘ಅಂತರರಾಷ್ಟ್ರೀಯ ಪದಕ ಇಲ್ಲ’ ಅಂತ ಕೆಳಗಿನ ಸಾಲಿಗೆ ತಳ್ಳಬೇಡಿ.

ಮುರಕಲ್ಲು

ಫಲಕದ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳ್ತೇನೆ.

ಗ್ರಾನೈಟ್ ಬೇಕೇ ಬೇಕು ಅಂದರೆ ತೂಕ ಲೆಕ್ಕ ಹಾಕಿ. 4 ಅಡಿ x 3 ಅಡಿ, 20 ಮಿ.ಮೀ. ದಪ್ಪದ ಚಪ್ಪಡಿ ಸುಮಾರು 60 ಕೆಜಿ ಬರ್ತದೆ. ಮುರಕಲ್ಲಿನಲ್ಲಿ ಒಳಗೆ ತೂತು, ಮಣ್ಣಿನ ಗಂಟು ಇರುವುದರಿಂದ ಸಾಮಾನ್ಯ ಎಕ್ಸ್‌ಪ್ಯಾನ್ಶನ್ ಬೋಲ್ಟ್ ಬಿಗಿ ಮಾಡುವಾಗಲೇ ಕಲ್ಲು ಪುಡಿಯಾಗಿ ತಿರುಗಲು ಶುರುವಾಗ್ತದೆ. ಅವತ್ತು ನಿಂತರೂ ಎರಡು ಮಳೆಗಾಲ ಕಳೆಯುವಾಗ ಸಡಿಲ. ಕಾಂಕ್ರೀಟ್ ಕಂಬ ಅಥವಾ ಲಿಂಟೆಲ್ ಇರುವ ಜಾಗ ಹುಡುಕಿ. ಇಲ್ಲದಿದ್ದರೆ ನೆಲದಿಂದಲೇ ಎದ್ದ ಫ್ರೇಮ್ ಮಾಡಿ ಭಾರ ನೆಲಕ್ಕೆ ಬಿಡಿ, ಗೋಡೆಗೆ ಬರೇ ಆಸರೆ. ಗೋಡೆಗೇ ಹಾಕಲೇಬೇಕಾದರೆ ಜಾಳಿಗೆ ಕೊಳವೆಯೊಳಗೆ ಅಂಟು ತುಂಬಿ ಕೂರಿಸುವ ಕೆಮಿಕಲ್ ಆಂಕರ್ ಹಾಕಿ, ಕೆಳಗಿನಿಂದ ಬ್ರಾಕೆಟ್ ಕೊಡಿ. ಅಂಟು ಒಂದನ್ನೇ ನಂಬಿದರೆ ಬೀಳುವುದು ಯಾರದೋ ಕಾಲ ಮೇಲೆ.

ಹಿತ್ತಾಳೆ ಚೆಂದ, ಆದರೆ ಕಡಲ ಗಾಳಿಗೆ ತಿಂಗಳೊಳಗೆ ಮಂಕಾಗ್ತದೆ. ಮಂಕಾದದ್ದು ದೊಡ್ಡ ವಿಷಯ ಅಲ್ಲ. ವಾರ್ಷಿಕೋತ್ಸವದ ಮುಂಚಿನ ದಿನ ಯಾರೋ ಅದಕ್ಕೆ ಹುಣಸೆಹುಳಿ ಹಾಕಿಯೋ ಬ್ರಾಸೊ ಹಾಕಿಯೋ ಉಜ್ಜುತ್ತಾರೆ, ಅಕ್ಷರದೊಳಗಿನ ಕಪ್ಪು ಬಣ್ಣ ಬಟ್ಟೆಗೆ ಬರ್ತದೆ. ಆಳವಾಗಿ ಕೆತ್ತಿ ಬಣ್ಣ ತುಂಬಿಸಿ ಮೇಲೆ ಲ್ಯಾಕರ್ ಹೊಡೆಸಿ, ಪಕ್ಕದಲ್ಲಿ ‘ಒಣ ಬಟ್ಟೆ ಮಾತ್ರ’ ಅಂತ ಚೀಟಿ ಅಂಟಿಸಿ. ಸ್ಟೇನ್‌ಲೆಸ್ ಸ್ಟೀಲ್ ಆದರೆ 304 ಬೇಡ, ಕಡಲ ಹತ್ತಿರ ಚಹಾದ ಕಲೆಯ ಹಾಗೆ ಬರ್ತದೆ. 316 ಕೇಳಿ.

ಹಿಂಬದಿಗೆ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಹಾಕಿಸಬೇಡಿ, ಜುಲೈಯಲ್ಲಿ ಹಪ್ಪಳದ ಹಾಗೆ ಉಬ್ಬುತ್ತದೆ. ಐಎಸ್ 710 ಗುರುತಿನ ಮೆರೈನ್ ಪ್ಲೈವುಡ್, ಗೋಡೆಯಿಂದ ಒಂದು ಇಂಚು ಬಿಟ್ಟು, ಗಾಳಿ ಆಡುವ ಹಾಗೆ. ಗೆದ್ದಲಿಗೆ ಗೋಡೆಯ ಬುಡದಲ್ಲೇ ಔಷಧಿ.

ಮುಖ್ಯವಾದದ್ದು ಇನ್ನು. ಎಲ್ಲ ಹೆಸರು ಒಂದೇ ಚಪ್ಪಡಿಯಲ್ಲಿ ಕೆತ್ತಿಸಬೇಡಿ. 24 ಇಂಚು ಉದ್ದ, 3 ಇಂಚು ಅಗಲದ ಪಟ್ಟಿ ಒಬ್ಬರಿಗೆ ಒಂದು, ಎರಡು ಸ್ಕ್ರೂ. ವರ್ಷ ತಪ್ಪಾದರೆ, ಇನಿಶಿಯಲ್ ಅದಲು ಬದಲಾದರೆ ಆ ಪಟ್ಟಿ ಒಂದನ್ನೇ ಬದಲಿಸಬಹುದು. ತಪ್ಪು ಬಂದೇ ಬರ್ತದೆ, ಫಲಕ ನೋಡಿದ ಮೇಲೆಯೇ ಜನರಿಗೆ ನೆನಪಾಗುವುದು. ಕೆಳಗೆ ಹತ್ತು ಪಟ್ಟಿಯಷ್ಟು ಖಾಲಿ ಜಾಗವೂ ಇರಲಿ.

ಪರದೆಯ ಹಿಂದೆ

ಕಾರ್ಯಕ್ರಮದ ಲೆಕ್ಕ. ಗಟ್ಟಿಯಾಗಿ ಓದುವಾಗ ಕನ್ನಡ ನಿಮಿಷಕ್ಕೆ 90 ರಿಂದ 100 ಪದ. ಸನ್ಮಾನ ಪತ್ರ 120 ಪದ ಮೀರಬಾರದು, ಅಂದರೆ ಒಂದೂಕಾಲು ನಿಮಿಷ. ವೇದಿಕೆಗೆ ಬರುವುದು, ಪೇಟ, ಶಾಲು, ಹಾರ, ಫೋಟೊ ಸೇರಿ ಇನ್ನು ಮೂರು ನಿಮಿಷ. ಒಬ್ಬರಿಗೆ ನಾಲ್ಕೂವರೆ ಹಿಡಿದರೆ 12 ಕ್ಕೆ 54 ನಿಮಿಷ. ಎಲ್ಲರಿಗೂ ಮಾತಾಡಲು ಕೊಟ್ಟರೆ ಎರಡು ಗಂಟೆ ಅಲ್ಲಿಗೇ ಕೈಬಿಟ್ಟ ಹಾಗೆ. ಇಬ್ಬರು ಮಾತಾಡಲಿ, ಒಬ್ಬ ಆಟಗಾರ, ಒಬ್ಬ ಕೋಚ್, ತಲಾ ಐದು ನಿಮಿಷ. ಅತಿಥಿಗಳ ಭಾಷಣ ಸನ್ಮಾನದ ಮೊದಲು ಇಡಿ. ಆಮೇಲೆ ಇಟ್ಟರೆ ಖಾಲಿ ಕುರ್ಚಿಗೆ ಭಾಷಣ.

ವೇದಿಕೆಯ ಮೆಟ್ಟಿಲಿಗೆ ಕೈಹಿಡಿ ಉಂಟಾ ನೋಡಿ. ಎಪ್ಪತ್ತೈದು ದಾಟಿದವರನ್ನು ಮೊದಲೇ ಮೇಲೆ ಕುಳ್ಳಿರಿಸಿ. ಇನ್ನೊಂದು ಎಲ್ಲರೂ ಮರೆಯುವುದು: ಸನ್ಮಾನಿತರಿಗೆ ಇರುವುದು ಎರಡೇ ಕೈ. ಕುತ್ತಿಗೆಯಲ್ಲಿ ಹಾರ, ಹೆಗಲಿಂದ ಜಾರುವ ಶಾಲು, ಕೈಯಲ್ಲಿ ಗಾಜಿನ ಫ್ರೇಮು, ಅದರ ಮೇಲೆ ಹಣ್ಣಿನ ಬುಟ್ಟಿ. ಫ್ರೇಮಿಗೆ ಗಾಜಿನ ಬದಲು 2 ಮಿ.ಮೀ. ಆಕ್ರಿಲಿಕ್ ಹಾಕಿಸಿ, ಹಿಂದೆ ಒಬ್ಬ ಸ್ವಯಂಸೇವಕ ನಿಂತು ಒಂದೊಂದೇ ಪಡೆದುಕೊಳ್ಳಲಿ. ಹಣ್ಣಿನ ಬುಟ್ಟಿ ವೇದಿಕೆಗೆ ಬಾರದೆ ನೇರ ಕಾರಿಗೆ ಹೋದರೆ ಯಾರಿಗೂ ನಷ್ಟವಿಲ್ಲ.

ಸನ್ಮಾನ ಪತ್ರದ ಅಚ್ಚಿನಲ್ಲಿ ಅಕ್ಷರ ಒಡೆಯುವುದು ಮಾಮೂಲು. ಮೊಬೈಲಿನಲ್ಲಿ ಯುನಿಕೋಡ್‌ನಲ್ಲಿ ಟೈಪ್ ಮಾಡಿ ಕಳಿಸುತ್ತೀರಿ, ಪ್ರೆಸ್ಸಿನವರ ಹಳೆಯ ಪೇಜ್‌ಮೇಕರ್‌ನಲ್ಲಿ ಯುನಿಕೋಡ್ ಅಲ್ಲದ ನುಡಿ ಫಾಂಟು. ಪರಿವರ್ತನೆ ಮಾಡುವಾಗ ಒತ್ತಕ್ಷರ ಜಾರುತ್ತದೆ, ‘ಶೆಟ್ಟಿ’ಯ ಒತ್ತು ಪಕ್ಕಕ್ಕೆ ಹೋಗಿ ಕೂರುತ್ತದೆ. ನೀವೇ ಪಿಡಿಎಫ್ ಮಾಡಿ ಕೊಡಿ, ಅಥವಾ ಪ್ರೆಸ್ಸಿಗೆ ಹೋಗಿ ಕಾಗದದ ಮೇಲೆ ಕರಡು ನೋಡಿ. ಹೆಸರು ಮಾತ್ರ ಆಯಾ ಸನ್ಮಾನಿತರ ಮನೆಯವರೇ ನೋಡಿ ‘ಸರಿ’ ಅಂತ ಬರೆದು ಕಳಿಸಲಿ.

ದಿನಾಂಕ: ಜನವರಿ ಅಂದಿರಿ. ಸಮ ಸಂಖ್ಯೆಯ ವರ್ಷವಾದರೆ 18 ಕ್ಕೆ ಉಡುಪಿಯಲ್ಲಿ ಪರ್ಯಾಯ, ಕೃಷ್ಣಮಠದ ಪೂಜೆಯ ಸರದಿ ಬದಲಾಗುವ ಉತ್ಸವ. ಹಿಂದಿನ ವಾರದಿಂದಲೇ ಲಾಡ್ಜ್ ಸಿಗುವುದಿಲ್ಲ, ರಸ್ತೆಯೂ ಸಿಗುವುದಿಲ್ಲ. ಮುಂಬೈ, ಬೆಂಗಳೂರಿನಿಂದ ಬರುವವರಿದ್ದರೆ ತಿಂಗಳ ಕೊನೆಯ ಶನಿವಾರಕ್ಕೆ ಹಾಕಿ. ಭಾನುವಾರ ಬೇಡ, ಅವರು ರಾತ್ರಿ ಬಸ್ಸು ಹಿಡಿಯುವ ಗಡಿಬಿಡಿಯಲ್ಲೇ ಇರ್ತಾರೆ.

ಅಟ್ಟೆ ಮಲ್ಲಿಗೆ

ಒಂದೇ ಮಾತು. ಡಿಸೆಂಬರ್, ಜನವರಿಯಲ್ಲಿ ಶಂಕರಪುರ ಮಲ್ಲಿಗೆ ಇಳುವರಿ ಕಡಿಮೆ, ಚಳಿಗೆ ಮೊಗ್ಗು ಬರುವುದೇ ಕಡಿಮೆ, ರೇಟು ಮೇಲೆ. ಮಲ್ಲಿಗೆ ಹಾರವೇ ಬೇಕು ಅಂತಿದ್ದರೆ ಎರಡು ವಾರ ಮೊದಲೇ ಹೇಳಿಡಿ, ಅಟ್ಟೆಯಲ್ಲಿ ಲೆಕ್ಕ ಕೊಡಿ. ಇಲ್ಲಿ ಮಲ್ಲಿಗೆ ಮಾರುವ ಅಳತೆ ಅದು, ಕಟ್ಟಿದ ಹೂವಿನ ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬಜೆಟ್ ಮೀರಿದರೆ ಆಟಗಾರ್ತಿಯರಿಗೂ ಕೋಚ್‌ಗಳ ಮನೆಯವರಿಗೂ ತಲಾ ಒಂದು ತುಂಡು ಮಲ್ಲಿಗೆ, ವೇದಿಕೆಯ ಹಾರಕ್ಕೆ ಏಲಕ್ಕಿ ಹಾರ. ಅದು ಒಣಗುವುದೂ ಇಲ್ಲ, ಮನೆಗೆ ಹೋಗಿ ಗೋಡೆಗೆ ಹಾಕಬಹುದು.

ಅಜ್ಜರಕಾಡು ಲೇನ್ 4

41 ಹೆಸರಿಗೂ ಎರಡು ಕಾಲಂ ಮಾಡಿ ಸಂಚಿಕೆ ಹುಡುಕಲು ಶುರು ಮಾಡಿದ್ದೇವೆ. ಸಂಚಿಕೆಯೂ ಪ್ರಮಾಣಪತ್ರವೂ ಎರಡೂ ಸಿಕ್ಕಿದವರು ಸದ್ಯಕ್ಕೆ 17. ಮಾರ್ಕರ್ ಹೆಸರು ಕೇಳಿದ್ದಕ್ಕೆ ಆರು ಜನ ಒಬ್ಬರನ್ನೇ ಹೇಳಿದರು. ಫಲಕಕ್ಕೆ ಒಬ್ಬರಿಗೆ ಒಂದು ಬಿಡಿ ಪಟ್ಟಿ ಅಂತಲೇ ತೀರ್ಮಾನ.